ದೊಡ್ಡಕ್ಕನಿಗೆ ಹತ್ತಕ್ಕೆ ಹತ್ತು ಹಾಕಿದ ದಿನ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕುಳಿತಿರುವ ದೊಡ್ಡಕ್ಕನ ಯಜಮಾನರೇ, ಮಗಳೇ, ಅಕ್ಕನಿಗೆ ತನ್ನ ಸ್ಟೆಮ್ ಸೆಲ್ ಕೊಟ್ಟ ತಮ್ಮನವರೇ, ನಮ್ಮ ಆಸ್ಪತ್ರೆಯ ಹಿರಿಯರೇ, ಕಸಿ ವಾರ್ಡಿನ ಸಿಸ್ಟರುಗಳೇ, ಆಯಾಗಳೇ — ಮತ್ತೆ ಹಿಂದೆ, ಬಾಗಿಲ ಹತ್ತಿರ, ಮಾಸ್ಕ್ ಹಾಕಿಕೊಂಡು ನಿಂತಿರುವ ನಮ್ಮ ಹಳೆಯ ರೋಗಿಗಳೇ. ನೀವು ದಯವಿಟ್ಟು ಈ ಕಡೆ ಬನ್ನಿ, ಕಿಟಕಿ ಪಕ್ಕ ಕುಳಿತುಕೊಳ್ಳಿ, ಅಲ್ಲಿ ಗಾಳಿ ಆಡುತ್ತದೆ. ದೊಡ್ಡಕ್ಕ ಇದ್ದಿದ್ದರೆ ಈ ಮಾತನ್ನು ನನಗಿಂತ ಮೊದಲೇ ಹೇಳಿರುತ್ತಿದ್ದರು. ಇಷ್ಟು ಮರ್ಯಾದೆಯಿಂದಂತೂ ಹೇಳುತ್ತಿರಲಿಲ್ಲ.

ನಗಬಹುದು. ಅವರ ಸಭೆಯಲ್ಲಿ ನಗದೇ ಇರುವುದು ಕಷ್ಟ.

ನನಗೆ ಕೊಟ್ಟಿರುವುದು ಹದಿನೈದು ನಿಮಿಷ. ದೊಡ್ಡಕ್ಕನನ್ನು ಹೊಗಳುವುದಕ್ಕೆ ಬಂದಿದ್ದೇನೆ, ಹೊಗಳುತ್ತೇನೆ. ಆದರೆ ಅದರ ಜೊತೆಗೆ ಇನ್ನೊಂದು ಕೆಲಸವೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋದೀತು. ಹೋದ ವಾರ ದೊಡ್ಡಕ್ಕನ ಮಗಳು ನನ್ನ ಕೋಣೆಗೆ ಬಂದಿದ್ದಳು. ಅಮ್ಮನ ಕಾಗದಪತ್ರ ತೆಗೆದುಕೊಂಡು ಹೋಗುವುದಕ್ಕೆ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು, "ಅಂಕಲ್, ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ. 'ಅವತ್ತು ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು, ನಾನು ಗಟ್ಟಿಯಾಗಿ ಹೇಳಿದ್ದಿದ್ರೆ ಅವಳಿಗೆ ಹಾಗಾಗ್ತಿರಲಿಲ್ಲ' ಅಂತ ಒಂದೇ ಸಮ ಹೇಳ್ತಾರೆ."

ಅವತ್ತು ಅಂದರೆ ಯಾವತ್ತು ಅಂತ ನನಗೆ ಗೊತ್ತು. ಅವತ್ತು ಆಡಿದ ಮಾತು ಪೂರ್ತಿ ಗೊತ್ತಿರುವುದು ಈ ಸಭೆಯಲ್ಲಿ ಇಬ್ಬರಿಗೇ. ಒಬ್ಬರು ಊಟ ಬಿಟ್ಟಿದ್ದಾರೆ. ಇನ್ನೊಬ್ಬ ಮೈಕ್ ಹಿಡಿದಿದ್ದಾನೆ. ಆದ್ದರಿಂದ ಆ ದಿನದ ಕಥೆಯನ್ನು ಇವತ್ತು ಎಲ್ಲರ ಮುಂದೆ ಹೇಳಲೇಬೇಕು.

ಆದರೆ ಮೊದಲು ದೊಡ್ಡಕ್ಕ.

ನಾನು ಈ ವಾರ್ಡಿಗೆ ಬಂದು ಹದಿನೈದು ವರ್ಷ. ಬಂದ ದಿನ ನನ್ನ ಕೋಟಿನ ಜೇಬಿನಲ್ಲಿ ಮೂರು ಪದವಿ ಇದ್ದವು. ಒಳಗೆ ಕಾಲಿಟ್ಟೆ — ಇಲ್ಲಿನ ಹಿರಿಯ ಸಿಸ್ಟರ್ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಡಾಕ್ಟ್ರೇ, ವಾಚ್ ತೆಗೀರಿ. ತೋಳು ಮಡಚಿ. ಮೊಣಕೈವರೆಗೂ ತೊಳೀರಿ. ಆಮೇಲೆ ಪರಿಚಯ ಮಾಡ್ಕೊಳೋಣ." ತೊಳೆದೆ. ಸಾಲದು ಅಂದರು. ಇನ್ನೊಂದು ಸಲ ತೊಳೆದೆ. ಆಮೇಲೆ ನಕ್ಕರು. ಆ ನಗು ನೋಡಿದ ಮೇಲೆ ಹದಿನೈದು ವರ್ಷ ಅವರು ಹೇಳಿದಷ್ಟು ಸಲ ಕೈ ತೊಳೆದುಕೊಂಡೇ ಬದುಕಿದ್ದೇನೆ.

ವಾರ್ಡಿಗೆಲ್ಲ ಅವರು ದೊಡ್ಡಕ್ಕ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಹಾಗಾಗಿ ಅವರ ಯಜಮಾನರು ನಮ್ಮೆಲ್ಲರಿಗೂ ಭಾವ. ಮೂವತ್ತು ವರ್ಷ ಬಸ್ಸು ಓಡಿಸಿದವರು, ಒಂದು ದಿನದಲ್ಲಿ ಎಂಬತ್ತು ಮಂದಿ ಭಾವಮೈದುನರು ಹುಟ್ಟಿಕೊಂಡಾಗ ಬೇಸರ ಮಾಡಿಕೊಳ್ಳಲಿಲ್ಲ.

ಇಲ್ಲಿರುವ ಬಂಧುಗಳಿಗೆ ನಮ್ಮ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ರಕ್ತದ ಕ್ಯಾನ್ಸರ್ ಬಂದವರಿಗೆ ನಾವು ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಕಸಿ ಮಾಡುತ್ತೇವೆ. ಬಹಳ ಜನ ಗುಣವಾಗುತ್ತಾರೆ. ಕೆಲವರಿಗೆ ಕಾಯಿಲೆ ಮರಳಿ ಬರುತ್ತದೆ. ಅಂಥವರಿಗೆ ಈಗ ಒಂದು ಹೊಸ ಚಿಕಿತ್ಸೆ ಇದೆ. ಅವರ ರಕ್ತದಲ್ಲಿರುವ ಕಾವಲು ಕಣಗಳನ್ನೇ ತೆಗೆದು, ಪ್ರಯೋಗಾಲಯದಲ್ಲಿ ಪಳಗಿಸಿ, ಕ್ಯಾನ್ಸರನ್ನು ಗುರುತು ಹಿಡಿದು ಹೊಡೆಯುವ ಹಾಗೆ ಮಾಡಿ, ಮತ್ತೆ ಮೈಗೆ ಸೇರಿಸುತ್ತೇವೆ. ಚೀಲ ನೋಡಿದರೆ ಇಷ್ಟೇ ಇರುತ್ತದೆ — ಅಂಗೈಯಗಲ. ಹತ್ತೇ ನಿಮಿಷದಲ್ಲಿ ಒಳಗೆ ಹೋಗುತ್ತದೆ. ಆದರೆ ಒಳಗೆ ಹೋದ ಮೇಲೆ ಯುದ್ಧ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತೀವಲ್ಲ, ಅದೇ ನಮ್ಮ ಕಷ್ಟ. ಆ ಹೊಡೆದಾಟದ ಬಿಸಿ ಕೆಲವರಿಗೆ ಮಿದುಳಿಗೆ ತಟ್ಟುತ್ತದೆ. ಮಾತು ತಡವರಿಸುತ್ತದೆ. ಅಕ್ಷರ ಸೊಟ್ಟಗಾಗುತ್ತದೆ. ಮನೆಯವರನ್ನು ಕಂಡರೆ ಯಾರು ಅನ್ನುವ ಹಾಗೆ ನೋಡುತ್ತಾರೆ. ಬಿಟ್ಟರೆ ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು. ಬೇಗ ಕಂಡುಹಿಡಿದು ಔಷಧಿ ಕೊಟ್ಟರೆ ಹೆಚ್ಚಿನವರು ವಾಪಸ್ ಬರುತ್ತಾರೆ. ಬೇಗ ಅನ್ನುವುದೇ ಇಲ್ಲಿ ಮುಖ್ಯ.

ಅದಕ್ಕೆ ಒಂದು ಪರೀಕ್ಷೆ ಇದೆ. ಹತ್ತು ಅಂಕ. ಇದು ಯಾವ ವರ್ಷ, ಯಾವ ತಿಂಗಳು, ಯಾವ ಊರು, ಯಾವ ಆಸ್ಪತ್ರೆ. ಮೂರು ವಸ್ತು ತೋರಿಸುತ್ತೇವೆ, ಹೆಸರು ಹೇಳಬೇಕು. ನಾಲಿಗೆ ಚಾಚಿ ಅಂದರೆ ಚಾಚಬೇಕು. ಒಂದು ವಾಕ್ಯ ಬರೆಯಬೇಕು. ನೂರರಿಂದ ಹತ್ತು ಹತ್ತು ಇಳಿಸುತ್ತಾ ಎಣಿಸಬೇಕು. ಎಲ್ಲ ಸರಿ ಇದ್ದರೆ ಹತ್ತಕ್ಕೆ ಹತ್ತು. ನಾವು ಡಾಕ್ಟರುಗಳು ಆ ಅಂಕ ನೋಡಿ ಸಮಾಧಾನವಾಗಿ ಮುಂದಿನ ಹಾಸಿಗೆಗೆ ಹೋಗುತ್ತೇವೆ.

ದೊಡ್ಡಕ್ಕನಿಗೆ ಅದು ಸಾಲುತ್ತಿರಲಿಲ್ಲ.

ಕಣಗಳನ್ನು ಕೊಡುವ ಹಿಂದಿನ ದಿನ ಅವರು ಒಂದು ಕುರ್ಚಿ ಎಳೆದುಕೊಂಡು ರೋಗಿಯ ಪಕ್ಕ ಕೂರುತ್ತಿದ್ದರು. ಒಂದು ಗಂಟೆ. ಯಾರು ಕರೆದರೂ ಏಳುತ್ತಿರಲಿಲ್ಲ. ಹಾಳೆಯ ಮೇಲೆ 'ಮೊದಲಿನ ಪುಟ' ಅಂತ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಈ ಮನುಷ್ಯ ಇವತ್ತು, ಸರಿ ಇರುವಾಗ, ಹೇಗಿದ್ದಾನೆ — ಅದು ಆ ಪುಟ. ಏನೇನು ಬರೆದಿದ್ದಾರೆ ಗೊತ್ತೇ? ಒಂದೆರಡು ಓದುತ್ತೇನೆ. "ಇವರು ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರ ಕೊಡುತ್ತಾರೆ, ಗಾಬರಿಯಾಗಬೇಡಿ." ಇನ್ನೊಂದು — "ಈಕೆ ಶಾಲೆಗೆ ಹೋಗಿಲ್ಲ. ನೂರರಿಂದ ಹಿಂದಕ್ಕೆ ಎಣಿಸುವುದು ಮೊದಲಿನಿಂದಲೂ ಬರುವುದಿಲ್ಲ. ಅಂಕ ಕಳೆಯಬೇಡಿ. ಮೊಮ್ಮಕ್ಕಳ ಹೆಸರು ಕೇಳಿ, ಏಳು ಮಂದಿ ಇದ್ದಾರೆ, ದೊಡ್ಡವರಿಂದ ಚಿಕ್ಕವರಿಗೆ ಹೇಳುತ್ತಾರೆ." ಇದು ಇನ್ನೊಬ್ಬರದು — "ಗಂಡನ ಮಾತು ಮುಗಿಯುವ ಮೊದಲೇ ತಾನೇ ಮುಗಿಸುತ್ತಾರೆ. ಮುಗಿಸದಿದ್ದರೆ ನನ್ನನ್ನು ಕರೆಯಿರಿ."

ನಾನು ಮೊದಮೊದಲು ನಗುತ್ತಿದ್ದೆ. ದೊಡ್ಡಕ್ಕ ವಾರ್ಡಿನಲ್ಲಿ ಹರಟೆ ಹೊಡೆಯುವುದಕ್ಕೆ ಒಳ್ಳೆ ನೆಪ ಹುಡುಕಿದ್ದಾರೆ ಅಂತ. ಆ ನಗು ನಿಲ್ಲಿಸಿದ್ದು ಟೈಲರ್ ಮಾಸ್ಟರು. ಅದೋ, ಅಲ್ಲೇ ಕುಳಿತಿದ್ದಾರೆ, ಎರಡನೆಯ ಕಿಟಕಿ. ಮಾಸ್ಟರೇ, ನಿಮ್ಮ ಮಾನ ಹರಾಜು ಹಾಕುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ.

ಮಾಸ್ಟರಿಗೆ ಕೋಪ ಮೂಗಿನ ತುದಿಯಲ್ಲಿ. ಸೂಜಿ ಚುಚ್ಚಿದರೆ ಬೈಗುಳ, ಚುಚ್ಚದಿದ್ದರೆ ಯಾಕೆ ಚುಚ್ಚಲಿಲ್ಲ ಅಂತ ಬೈಗುಳ. ದೊಡ್ಡಕ್ಕನ ಯೂನಿಫಾರ್ಮಿನ ತೋಳು ನೋಡಿ, "ಯಾವ ಕತ್ತೆ ಹೊಲಿದಿದ್ದು ಇದನ್ನ?" ಅಂತ ಮೂರು ಸಲ ಕೇಳಿದ್ದರು. ಅದೂ ಮೊದಲಿನ ಪುಟದಲ್ಲಿ ಇದೆ. ಕಣಗಳನ್ನು ಕೊಟ್ಟ ಐದನೆಯ ದಿನ ಬೆಳಿಗ್ಗೆ ನಾನು ರೌಂಡ್ಸಿಗೆ ಹೋದೆ. ಹತ್ತಕ್ಕೆ ಹತ್ತು. ಜ್ವರ ಇಳಿದಿದೆ. ಖುಷಿಯಾಯಿತು. ಹೊರಗೆ ಬಂದರೆ ದೊಡ್ಡಕ್ಕ ದಾರಿಗೆ ಅಡ್ಡ ನಿಂತಿದ್ದಾರೆ — ಹೀಗೆ, ಎರಡೂ ಕೈ ಸೊಂಟದ ಮೇಲೆ.

"ಡಾಕ್ಟ್ರೇ, ಮಾಸ್ಟರು ನನಗೆ 'ತುಂಬಾ ಉಪಕಾರ ಆಯ್ತಮ್ಮ' ಅಂದ್ರು."

"ಒಳ್ಳೇದಾಯ್ತಲ್ಲ ದೊಡ್ಡಕ್ಕ. ಕೊನೆಗೂ ಬುದ್ಧಿ ಬಂತು."

"ಬಂದಿಲ್ಲ. ಹೋಗ್ತಿದೆ. ಆ ಮನುಷ್ಯ ಅಂಥೋರಲ್ಲ."

ನಾನು ನಕ್ಕು ಮುಂದೆ ಹೋದೆ. ಬಿಡಲಿಲ್ಲ. ನಾಲ್ಕನೆಯ ಹಾಸಿಗೆಗೆ ಬಂದರು, ಏಳನೆಯ ಹಾಸಿಗೆಗೆ ಬಂದರು. ಫೋನಿನಲ್ಲಿದ್ದಾಗ ಮುಂದೆ ಬಂದು ಮೊದಲಿನ ಪುಟವನ್ನು ಕಣ್ಣಿಗೆ ಹಿಡಿದರು. ಕಾಟ ತಡೆಯಲಾರದೆ ನರರೋಗದ ಡಾಕ್ಟರನ್ನು ಕರೆಸಿದೆ, ಔಷಧಿ ಶುರು ಮಾಡಿದೆ. ಒಂದು ಗಂಟೆ ಕಳೆದಿರಲಿಲ್ಲ, ಮಾಸ್ಟರ ಕೈ ನಡುಗಿತು, ಮಾತು ನಿಂತಿತು. ಆದರೆ ಔಷಧಿ ಆಗಲೇ ಒಳಗಿತ್ತು. ಮೂರನೆಯ ದಿನ ಕಣ್ಣು ಬಿಟ್ಟವರು ನನ್ನ ಕೋಟು ನೋಡಿ ಏನಂದರು ಅಂತ ಈ ಸಭೆಯಲ್ಲಿ ಹೇಳುವ ಹಾಗಿಲ್ಲ. ದೊಡ್ಡಕ್ಕ ಹೊರಗೆ ಬಂದು ಗೋಡೆಗೆ ಒರಗಿಕೊಂಡು ಅತ್ತರು. ಒಬ್ಬರು ಬೈದಿದ್ದಕ್ಕೆ ಯಾರಾದರೂ ಅಷ್ಟು ಸಂತೋಷಪಟ್ಟಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ — ಆ ದಿನಕ್ಕೆ ಬರುತ್ತೇನೆ.

ಮೂರು ವರ್ಷದ ಹಿಂದೆ ದೊಡ್ಡಕ್ಕನಿಗೇ ರಕ್ತದ ಕ್ಯಾನ್ಸರ್ ಬಂತು. ಅವರ ತಮ್ಮನೇ ಸ್ಟೆಮ್ ಸೆಲ್ ಕೊಟ್ಟರು. ಒಂದೂವರೆ ವರ್ಷ ಚೆನ್ನಾಗಿದ್ದರು, ಕೆಲಸಕ್ಕೂ ಬಂದರು. ಆಮೇಲೆ ಕಾಯಿಲೆ ಮರಳಿತು. ಇದೇ ಕಣ ಚಿಕಿತ್ಸೆ ಮಾಡಬೇಕು ಅಂತಾಯಿತು. ಅವರು ಸಾವಿರ ಸಲ ಚಾದರ ಬದಲಿಸಿದ ಹಾಸಿಗೆಗಳಲ್ಲೇ ಒಂದರಲ್ಲಿ ಅವರನ್ನು ಮಲಗಿಸಿದೆವು. ಹಿಂದಿನ ದಿನ ಒಬ್ಬ ಸಿಸ್ಟರ್ ಖಾಲಿ ಹಾಳೆ ಹಿಡಿದುಕೊಂಡು ಬಂದು, "ಸಾರ್, ದೊಡ್ಡಕ್ಕಂದು ಮೊದಲಿನ ಪುಟ ಯಾರು ಬರೀತಾರೆ?" ಅಂತ ಕೇಳಿದಳು. ನಾನು ಏನಂದೆ ಗೊತ್ತೇ? "ದೊಡ್ಡಕ್ಕನ್ನ ನಮಗೇ ಪರಿಚಯ ಮಾಡಿಸ್ತೀಯೇನಮ್ಮ?" ಎಲ್ಲರೂ ನಕ್ಕರು. ಹಾಳೆ ಡ್ರಾಯರಿಗೆ ಹೋಯಿತು. ದೀಪದ ಬುಡದಲ್ಲೇ ಕತ್ತಲೆ.

ಆರನೆಯ ದಿನ. ಬೆಳಿಗ್ಗೆ ಒಂಬತ್ತು ಗಂಟೆ. ಅವರ ಕೋಣೆಗೆ ಹೋದೆ. ಯಾವ ವರ್ಷ? ಹೇಳಿದರು. ತಿಂಗಳು? ಹೇಳಿದರು. ಊರು, ಆಸ್ಪತ್ರೆ, ಎಲ್ಲ ಟಕಟಕ. ವಸ್ತು ತೋರಿಸೋಣ ಅಂತ ಜೇಬಿನಿಂದ ಪೆನ್ನು ತೆಗೆದೆ — ಇನ್ನೂ ಪೂರ್ತಿ ತೆಗೆದಿಲ್ಲ — "ಪೆನ್ನು, ಗಡಿಯಾರ, ಗುಂಡಿ" ಅಂತ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ನಾನು ಗೊಳ್ಳೆಂದು ನಕ್ಕೆ. "ಏನು ದೊಡ್ಡಕ್ಕ, ಪ್ರಶ್ನೆ ಕೇಳೋಕೂ ಬಿಡಲ್ವಾ?" ಅವರೂ ನಕ್ಕರು. ನೂರು, ತೊಂಬತ್ತು, ಎಂಬತ್ತು — ನೀರು ಕುಡಿದ ಹಾಗೆ. ಬರೆದ ವಾಕ್ಯ ಸ್ವಲ್ಪ ಸೊಟ್ಟಗಿತ್ತು. ಕೈಗೆ ಡ್ರಿಪ್ ಹಾಕಿದೆಯಲ್ಲ, ಅದಕ್ಕೇ ಅಂದುಕೊಂಡೆ. ಗಡಿಯಾರ ತೋರಿಸಲಿಲ್ಲ. ಗುಂಡಿ ತೋರಿಸಲಿಲ್ಲ. ತೋರಿಸಿದ ಹಾಗೆ ಹತ್ತು ಅಂಕ ಬರೆದು ಸಹಿ ಹಾಕಿದೆ.

ವರ್ಷಗಟ್ಟಲೆ ದಿನಕ್ಕೆ ಹತ್ತಾರು ಸಲ ಆ ಪ್ರಶ್ನೆಗಳನ್ನು ಕೇಳಿದ ಹೆಂಗಸು. ಅದು ಅವರಿಗೆ ಮಗ್ಗಿಗಿಂತ ಬಾಯಿಪಾಠ. ಮಿದುಳಿನ ಅರ್ಧಕ್ಕೆ ಮಂಜು ಕವಿದಿದ್ದರೂ ಅದೊಂದು ಉಳಿದಿರುತ್ತದೆ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹನ್ನೊಂದು ಗಂಟೆಗೆ ಭಾವ ಬಂದರು. ಒಳಗೆ ಹೋದರು, ಐದು ನಿಮಿಷಕ್ಕೆ ಹೊರಗೆ ಬಂದು ನನ್ನನ್ನು ಹುಡುಕಿದರು. ಕಾರಿಡಾರಿನಲ್ಲಿ ಸಿಕ್ಕೆ.

"ಡಾಕ್ಟ್ರೇ, ಅವಳು ನನ್ನ ಬೈಲಿಲ್ಲ."

"ಏನಾಯ್ತು ಭಾವ?"

"ಸುಮ್ನೆ ಪರೀಕ್ಷೆ ಮಾಡೋಣ ಅಂತ ಹೊರಗಿನ ಬಟ್ಟೇಲೇ ಮಂಚದ ಮೇಲೆ ಕೂತೆ. ಒಂದು ಮಾತಿಲ್ಲ. ನನ್ನೇ ನೋಡ್ತಾ ನಗ್ತಾಳೆ. ಅದು ಅವಳ ನಗು ಅಲ್ಲ."

ನಾನು ಭುಜ ತಟ್ಟಿದೆ — ಹೀಗೆ. "ಸುಸ್ತಾಗಿರುತ್ತೆ ಭಾವ. ಬೆಳಿಗ್ಗೆ ತಾನೇ ನಾನೇ ನೋಡಿದ್ದೀನಿ. ಹತ್ತಕ್ಕೆ ಹತ್ತು."

ಆಗ ಭಾವ ಏನಂದರು, ಕೇಳಿ. ಇದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಹತ್ತಕ್ಕೆ ಹತ್ತು ಬರದೆ ಏನು ಮಾಡುತ್ತೆ ಡಾಕ್ಟ್ರೇ? ಆ ಪ್ರಶ್ನೆ ಎಲ್ಲ ಅವಳು ಕೇಳೋ ಪ್ರಶ್ನೆನೇ ಅಲ್ವಾ? ನೋಡಿ, ಮೀಟರೆಲ್ಲ ಸರಿ ತೋರಿಸ್ತಿದ್ರೂ ಇಂಜಿನ್ ಸದ್ದು ಬದಲಾಯ್ತು ಅಂದ್ರೆ ನಾನು ಬಸ್ಸು ನಿಲ್ಲಿಸ್ತೀನಿ. ದಯವಿಟ್ಟು ಒಂದ್ಸಲ ಬಂದು ನೋಡಿ."

ಬರ್ತೀನಿ ಅಂದೆ. ಮೀಟಿಂಗಿಗೆ ಹೋದೆ. ಎರಡು ಗಂಟೆ ಹೊತ್ತು ಬರಲಿಲ್ಲ. ಒಂದು ಗಂಟೆಗೆ ಹೊರಗೆ ಬಂದಾಗ ಭಾವ ಅದೇ ಕಾರಿಡಾರಿನಲ್ಲಿ, ನಾನು ಬಿಟ್ಟು ಹೋದ ಜಾಗದಲ್ಲೇ ನಿಂತಿದ್ದರು. ಪಕ್ಕದಲ್ಲಿ ಬೆಂಚ್ ಇತ್ತು. ಕೂತಿರಲಿಲ್ಲ.

ಒಳಗೆ ಹೋಗಿ ಈ ಸಲ ಪರೀಕ್ಷೆಯಲ್ಲಿಲ್ಲದ ಪ್ರಶ್ನೆ ಕೇಳಿದೆ. "ದೊಡ್ಡಕ್ಕ, ಮಗಳು ಯಾವ ಕಾಲೇಜು?" ನನ್ನನ್ನು ನೋಡಿದರು. "ಪೆನ್ನು" ಅಂದರು. ನೀರಿನ ಲೋಟ ತೋರಿಸಿದೆ. "ಪೆನ್ನು." ಭಾವನನ್ನು ತೋರಿಸಿ ಇವರು ಯಾರು ಅಂದೆ —

ಅದಕ್ಕೂ ಅದೇ ಉತ್ತರ ಬಂತು.

ಔಷಧಿ ಕೊಟ್ಟೆವು, ಐಸಿಯುಗೆ ಸೇರಿಸಿದೆವು. ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟು, ಭಾವನನ್ನು ನೋಡಿ, ಮೆಲ್ಲಗೆ ಹೇಳಿದ ಮೊದಲ ಮಾತು — "ಮಾಸ್ಕ್ ಮೂಗಿನ ಮೇಲಕ್ಕೆ." ಐಸಿಯು ತುಂಬ ಚಪ್ಪಾಳೆ ಹೊಡೆದೆವು. ಅಂಥ ಜಾಗದಲ್ಲಿ ಹೊಡೆಯಬಾರದು, ಆದರೂ ಹೊಡೆದೆವು.

ಹತ್ತು ದಿನ ಬಿಟ್ಟು ನನ್ನನ್ನು ಕರೆಸಿದರು. ಮಡಿಲಲ್ಲಿ ಅವರದೇ ಚಾರ್ಟ್. ಎಲ್ಲ ಓದಿ ಮುಗಿಸಿದ್ದರು. "ಡಾಕ್ಟ್ರೇ, ನನ್ನ ಮೊದಲಿನ ಪುಟ ಎಲ್ಲಿ?"

"ನೀವು ನಮಗೆ ಗೊತ್ತಲ್ಲ ದೊಡ್ಡಕ್ಕ..."

"ಏನು ಗೊತ್ತು? ಹೇಳಿ ನೋಡೋಣ. ಬೆಳಿಗ್ಗೆ ಎದ್ದ ತಕ್ಷಣ ನಾನು ಏನು ಮಾಡ್ತೀನಿ? ನನಗೆ ಯಾವುದು ಕಂಡ್ರೆ ಭಯ?"

ಹತ್ತಿರ ಹತ್ತಿರ ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದ್ದೆ. ಒಂದೂ ಗೊತ್ತಿರಲಿಲ್ಲ. ತಲೆ ತಗ್ಗಿಸಿದೆ. ಬೈಯುತ್ತಾರೆ ಅಂತ ಕಾಯುತ್ತಿದ್ದೆ. ಅವರು ಬೈಯಲಿಲ್ಲ. "ತಪ್ಪು ನಂದೂ ಇದೆ" ಅಂದರು. "ನಾನೂ ಕೇಳಬಹುದಿತ್ತು. ನಾಚಿಕೆ ಆಯ್ತು. ಒಂದು ಗಂಟೆ ಕೂತು ನನ್ನ ವಿಷಯ ಕೇಳಿ ಅಂತ ಬಾಯಿಬಿಟ್ಟು ಹೇಗೆ ಹೇಳೋದು?" ಆಮೇಲೆ ಕುರ್ಚಿ ತೋರಿಸಿದರು. ಕೂತೆ. ಒಂದು ಗಂಟೆ. ಓಟದಲ್ಲಿ ಅವರು ಶಾಲೆಗೇ ಮೊದಲು, ಲಿಫ್ಟ್ ಕಂಡರೆ ಈಗಲೂ ಎದೆ ಢವಢವ, ಎದ್ದ ತಕ್ಷಣ ಮೊದಲು ಹಿಂದಿನ ದಿನ ಬಿಟ್ಟುಬಂದ ರೋಗಿಗಳ ಮುಖಗಳನ್ನು ಒಂದೊಂದಾಗಿ ನೆನೆಸಿಕೊಳ್ಳುವುದು — ಎಲ್ಲ ಬರೆದುಕೊಂಡೆ. ನನ್ನ ಹತ್ತು ಅಂಕವನ್ನು ಹೊಡೆದು ಹಾಕಲಾ ಅಂತ ಕೇಳಿದೆ. "ಬೇಡ. ಅದು ಹಾಗೇ ಇರಲಿ. ಕೆಳಗೆ ನಿಜ ಬರೀರಿ." ಬರೆದೆ. "ಗಡಿಯಾರ, ಗುಂಡಿ ತೋರಿಸಿರಲಿಲ್ಲ. ಗಂಡ ಬಂದು ಹೇಳಿದಾಗ ಕೇಳಲಿಲ್ಲ." ಹೊಸ ಡಾಕ್ಟರುಗಳಿಗೆ ಪಾಠ ಮಾಡುವಾಗ ಆ ಹಾಳೆಯನ್ನು ದೊಡ್ಡಕ್ಕನೇ ತೋರಿಸುತ್ತಿದ್ದರು, ನನ್ನ ಎದುರಿಗೇ. ನನ್ನ ಮುಖ ಕೆಂಪಾಗುತ್ತಿತ್ತು. ಅವರಿಗೆ ಅದೂ ಸ್ವಲ್ಪ ಮಜಾ ಅನ್ನಿಸುತ್ತಿತ್ತು.

ಅದಾದ ಮೇಲೆ ಹದಿನಾಲ್ಕು ತಿಂಗಳು ಬದುಕಿದರು. ಅದರಲ್ಲಿ ಒಂದು ವರ್ಷ ಅರ್ಧ ದಿನದ ಕೆಲಸಕ್ಕೆ ಬಂದರು. ಮೂವತ್ತೊಂದು ಮೊದಲಿನ ಪುಟ ಬರೆದರು. ಒಮ್ಮೊಮ್ಮೆ ಒಂದು ಪದ ಸಿಗದೆ ಚಿಟಿಕೆ ಹೊಡೆಯುತ್ತಾ ಹುಡುಕುತ್ತಿದ್ದರು, ನೀವೆಲ್ಲ ನೋಡಿದ್ದೀರಿ. ಹೋದ ತಿಂಗಳು ಶ್ವಾಸಕೋಶಕ್ಕೆ ಸೋಂಕು ಹತ್ತಿತು. ನಮ್ಮ ಕೈಲಾದದ್ದೆಲ್ಲ ಮಾಡಿದೆವು. ಸೋತೆವು.

ಭಾವ — ಇನ್ನು ಉಳಿದ ಮಾತು ನಿಮಗೆ.

ಒಬ್ಬ ಡಾಕ್ಟರಾಗಿ ಮೊದಲು ಹೇಳುತ್ತೇನೆ. ಆ ಸೋಂಕಿಗೂ ಅವತ್ತಿನ ಎರಡು ಗಂಟೆಗೂ ಸಂಬಂಧವಿಲ್ಲ. ಅವರು ಚಿಟಿಕೆ ಹೊಡೆದು ಪದ ಹುಡುಕುತ್ತಿದ್ದುದಕ್ಕೂ ಆ ಎರಡು ಗಂಟೆಗೂ ಸಂಬಂಧ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಇದ್ದಿರಬಹುದು. ಇಲ್ಲ ಅಂತ ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಿದರೆ ಅವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಆದರೆ ಇದ್ದರೂ ಅದು ನಿಮ್ಮ ಪಾಲಿಗೆ ಬರುವುದಿಲ್ಲ. ನೀವು ಗಟ್ಟಿಯಾಗಿ ಹೇಳಬೇಕಿತ್ತು ಅಂತೀರಂತೆ. ಭಾವ, ನೀವು ಹೇಳಿದಿರಿ. ಸ್ಪಷ್ಟವಾಗಿ ಹೇಳಿದಿರಿ, ಕಾರಣ ಕೊಟ್ಟು ಹೇಳಿದಿರಿ, ದಯವಿಟ್ಟು ಅಂತಲೂ ಅಂದಿರಿ. ಈ ಆಸ್ಪತ್ರೆಯಲ್ಲಿ ಅವತ್ತು ರೋಗವನ್ನು ಮೊದಲು ಗುರುತಿಸಿದವರು ನೀವೊಬ್ಬರೇ. ಕೇಳದೆ ಹೋದವನು ನಾನು. ಆ ಎರಡು ಗಂಟೆ ನನ್ನದು. ಅವತ್ತಿನಿಂದ ನೀವು ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೀರಿ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಕೂಡ ನನ್ನ ತಪ್ಪೇ, ದೊಡ್ಡಕ್ಕನಿಗೆ ಕ್ಷಮೆ ಕೇಳಿ ನಿಮ್ಮನ್ನು ಮರೆತಿದ್ದೆ. ಇವತ್ತು ನಿಮ್ಮ ಮಗಳ ಎದುರು, ನನ್ನ ವಾರ್ಡಿನವರೆಲ್ಲರ ಎದುರು ಕೇಳುತ್ತಿದ್ದೇನೆ. ಕ್ಷಮಿಸಿ. ಮನಸ್ಸಾದಾಗ ಕ್ಷಮಿಸಿ, ಅವಸರವಿಲ್ಲ. ಆದರೆ ಊಟ ಮಾತ್ರ ಇವತ್ತೇ ಮಾಡಿ.

ಸ್ನೇಹಿತರೇ, ಇನ್ನು ಮುಂದೆ ಈ ವಾರ್ಡಿನಲ್ಲಿ ಮೊದಲಿನ ಪುಟ ಇಲ್ಲದೆ ಯಾರಿಗೂ ಕಣಗಳನ್ನು ಕೊಡುವುದಿಲ್ಲ, ಮತ್ತು ಆ ಪುಟದಲ್ಲಿ ಮನೆಯವರ ಸಹಿಗೂ ಒಂದು ಜಾಗ ಇರುತ್ತದೆ. ಅವರು ಬಂದು 'ಇದು ಅವರಲ್ಲ' ಅಂದರೆ, ಅಂಕ ಎಷ್ಟೇ ಇರಲಿ, ಡಾಕ್ಟರು ಎದ್ದು ಹೋಗಬೇಕು. ನಾನು ಮೊದಲು ಹೋಗುತ್ತೇನೆ.

ಈಗ ದೊಡ್ಡಕ್ಕನಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲೋಣ. ಎಲ್ಲರೂ ಏಳಬೇಕು ಅಂತ ಬೇಡಿಕೊಳ್ಳುತ್ತೇನೆ. ಮಾಸ್ಟರೇ, ಕುರ್ಚಿ ಹಿಡಿದುಕೊಂಡು ನಿಧಾನವಾಗಿ ಏಳಿ —

ಭಾವ, ನೀವು ಬೇಡ. ನೀವು ಏಳಬೇಡಿ. ಅವತ್ತು ಕಾರಿಡಾರಿನಲ್ಲಿ ಎರಡು ಗಂಟೆ ನಿಂತಿದ್ದೀರಿ.

ಕೂತಿರಿ. ಇವತ್ತು ನಾವು ನಿಲ್ಲುತ್ತೇವೆ.